ಶಟರ್ ಮೇಸ್ತ್ರಿಯ ಬಹಿರಂಗ ವಂಶವೃಕ್ಷ

"ನಮ್ಮ ವಂಶದಲ್ಲಿ ಮುಚ್ಚಿಡೋವಂಥದ್ದು ಏನಿದೆಯೇ? ಹೇಳು! ಒಂದೇ ಒಂದು ಹೇಳು! ಇವತ್ತು ಇಡೀ ವಂಶಾನ ಇಂಟರ್ನೆಟ್ಟಿಗೆ ಹತ್ತಿಸ್ತೀನಿ. ಪ್ರಪಂಚ ನೋಡ್ಲಿ!"

ಹೀಗೆ ಗರ್ಜಿಸಿ ಶಟರ್ ಮೇಸ್ತ್ರಿ ಊಟದ ಮೇಜನ್ನು ಗುದ್ದಿದ. ಮೇಜಿನ ಮೇಲಿದ್ದ ನೀರಿನ ಲೋಟ ಹಾರಿ ಅವನ ಪ್ಯಾಂಟಿನ ಮೇಲೆಯೇ ಮಗುಚಿಕೊಂಡಿತು. ಮಹತ್ಕಾರ್ಯದ ಉದ್ಘಾಟನೆ ಹೀಗೆ ನೆರವೇರಿತು.

ಅಂಗಡಿಗಳಿಗೆ ಶಟರ್ ಕೂರಿಸುವುದು, ಕೆಟ್ಟರೆ ರಿಪೇರಿ ಮಾಡುವುದು ಅವನ ಕಸುಬು. ಎಂಥ ಸಿಕ್ಕಿಕೊಂಡ ಶಟರನ್ನೂ ಎರಡೇ ಏಟಿಗೆ ಬಿಡಿಸುವ ಗಂಡು. ಒಂದು ಏಟು ಸುತ್ತಿಗೆಯದು, ಇನ್ನೊಂದು ಬಾಯಿಯದು. ಅಂಥವನನ್ನು ಆ ದಿನ ಒಬ್ಬ ಫೋಟೋಗೆ ಕಟ್ಟು ಹಾಕುವವ ಕೆಣಕಿಬಿಟ್ಟಿದ್ದ. ಮೇಸ್ತ್ರಿ ಅವನ ಅಂಗಡಿಯ ಶಟರಿನ ಸ್ಪ್ರಿಂಗಿಗೆ ಗ್ರೀಸು ಹಚ್ಚುತ್ತಿದ್ದಾಗ, ಆ ಮನುಷ್ಯ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ತನ್ನ ಫೋನು ತೋರಿಸಿದ. ಅದರಲ್ಲಿ ಪೆಟ್ಟಿಗೆಯ ಮೇಲೆ ಪೆಟ್ಟಿಗೆ, ಗೆರೆಯ ಕೆಳಗೆ ಗೆರೆ.

"ನಮ್ಮ ವಂಶವೃಕ್ಷ ಮೇಸ್ತ್ರಿ. ಮುತ್ತಾತನ ಅಪ್ಪನವರೆಗೂ ಸಿಕ್ಕಿದ್ದಾರೆ. ನಿಮ್ಮದು?"

"ನಮ್ಮದೂ ಇದೆ."

"ಎಲ್ಲಿ?"

"ಮನೇಲಿ."

"ಮನೇಲಿಟ್ಟರೆ ಯಾರು ನೋಡ್ತಾರೆ?" ಎಂದು ಆತ ನಕ್ಕ. ನಗಲಿ ಬಿಡಿ, ನಗುವವರಿಗೇನು ಕಡಿಮೆ? ಆದರೆ ಮೇಸ್ತ್ರಿ ಆ ನಗುವನ್ನು ಅಲ್ಲೇ ಬಿಟ್ಟು ಬರಲಿಲ್ಲ. ಗ್ರೀಸು ಅರ್ಧ ಹಚ್ಚಿ ಮನೆಗೆ ಬಂದವನು ಮೇಲೆ ಹೇಳಿದಂತೆ ಮೇಜು ಗುದ್ದಿದ.

ಹೆಂಡತಿ ಬಟ್ಟೆ ತಂದು ನೀರು ಒರೆಸಿದಳು. ಆಕೆ ಒಂದು ಕ್ಲಿನಿಕ್ಕಿನಲ್ಲಿ ರೋಗಿಗಳಿಗೆ ಟೋಕನ್ ಕೊಡುವ ಕೆಲಸದವಳು. ಯಾರಿಗೆ ಯಾವ ಕಾಯಿಲೆ ಎಂಬುದನ್ನು ಅವಳ ಬಾಯಿಂದ ಹೊರಡಿಸುವುದು ಬ್ರಹ್ಮನಿಗೂ ಸಾಧ್ಯವಿಲ್ಲ. ಪಕ್ಕದ ಮನೆಯಾತ ಕಾಲಿಗೆ ಬ್ಯಾಂಡೇಜು ಸುತ್ತಿಸಿಕೊಂಡು ಕುಂಟುತ್ತ ಎದುರಿಗೇ ಬಂದರೂ, "ಅವರಿಗೇನಾಗಿದೆಯೇ?" ಎಂದು ಕೇಳಿದರೆ "ನನಗೇನು ಗೊತ್ತು?" ಎನ್ನುವ ಹೆಣ್ಣು.

"ರೀ, ವಂಶ ನಿಮ್ಮೊಬ್ಬರದಾ?" ಎಂದಳು. "ಅದರಲ್ಲಿರೋರನ್ನೆಲ್ಲ ಒಂದು ಮಾತು ಕೇಳೋದು ಬೇಡ್ವಾ?"

"ನಮ್ಮ ಚಿಕ್ಕಪ್ಪನ್ನ ಚಿಕ್ಕಪ್ಪ ಅನ್ನೋಕೆ ಚಿಕ್ಕಪ್ಪನ ಅಪ್ಪಣೆ ಬೇಕಾ?"

"ಅನ್ನೋಕೆ ಬೇಡ. ಬೋರ್ಡ್ ಬರೆಸಿ ಬೀದೀಲಿ ನಿಲ್ಲಿಸೋಕೆ ಬೇಕು."

"ನಿನಗೆ ಎಲ್ಲದರಲ್ಲೂ ಗುಟ್ಟು!"

"ಗುಟ್ಟಲ್ಲ ರೀ, ಮರ್ಯಾದೆ."

ಈ ಮಾತು ಮೇಸ್ತ್ರಿಯ ಕಿವಿಗೆ ಬೀಳಲಿಲ್ಲ. ಅವನಾಗಲೇ ಫೋನಿನಲ್ಲಿ ಕಟ್ಟು ಹಾಕುವವನು ತೋರಿಸಿದ ಜಾಲತಾಣವನ್ನು ತೆರೆದು, ಹೆಬ್ಬೆರಳಿಗೆ ಉಗುಳು ಹಚ್ಚಿ ಯುದ್ಧಕ್ಕೆ ಇಳಿದಿದ್ದ.

ಯುದ್ಧ ಶುರುವಾದದ್ದೇ ಹೆಸರಿನಲ್ಲಿ. ಅವರ ಮನೆತನದಲ್ಲಿ ಹೆಸರಿಗೆ ಬಹಳ ಬರ. ತಾತನ ಮೇಲಿನ ಪ್ರೀತಿಗೆ ಮಕ್ಕಳೆಲ್ಲ ತಂತಮ್ಮ ಹಿರಿಮಗನಿಗೆ ತಾತನ ಹೆಸರನ್ನೇ ಇಟ್ಟು ಕೈ ತೊಳೆದುಕೊಂಡಿದ್ದರು. ದೊಡ್ಡಪ್ಪನ ಮಗನಿಗೂ ಅದೇ, ಚಿಕ್ಕಪ್ಪನ ಮಗನಿಗೂ ಅದೇ, ಮೇಸ್ತ್ರಿಗೂ ಅದೇ. ಮೊದಲನೆಯವನನ್ನು ಬರೆದದ್ದಾಯಿತು. ಎರಡನೆಯವನನ್ನು ಬರೆಯುತ್ತಲೇ ಫೋನು ಕೇಳಿತು: "ಈ ಹೆಸರಿನವರು ಈಗಾಗಲೇ ಇದ್ದಾರೆ. ಇವರೂ ಅವರೂ ಒಬ್ಬರೇ?"

"ಒಬ್ಬರಲ್ಲ ಕಣೋ, ಮೂರು ಜನ!" ಎಂದು ಕೂಗಿ ಮೇಸ್ತ್ರಿ ಬೆರಳು ಒತ್ತಿದ. ಕೋಪದಲ್ಲಿ ಒತ್ತಿದ ಬೆರಳು ತಪ್ಪು ಗುಂಡಿಯ ಮೇಲೆ ಬಿತ್ತು. ಫೋನು ಮೂವರನ್ನೂ ಕಲಸಿ ಒಂದೇ ಪೆಟ್ಟಿಗೆಗೆ ತುಂಬಿತು. ಆ ಕ್ಷಣದಿಂದ ಮೇಸ್ತ್ರಿ ದೊಡ್ಡಪ್ಪನಿಗೂ ಮಗ, ಚಿಕ್ಕಪ್ಪನಿಗೂ ಮಗ, ತನಗೆ ತಾನೇ ದಾಯಾದಿ!

"ನಿಮ್ಮ ಪಾಲಿನ ಆಸ್ತಿ ಯಾರ ಹತ್ರ ಕೇಳ್ತೀರಿ ಈಗ?" ಎಂದು ಹೆಂಡತಿ ಒಳಗಿನಿಂದ ವಿಚಾರಿಸಿದಳು.

ಮೇಸ್ತ್ರಿಗೆ ಉರಿದುಹೋಯಿತು, ಬರೆದದ್ದನ್ನೆಲ್ಲ ಅಳಿಸಿಹಾಕಿದ. ಹೆಸರೇ ಬೇಡ! ಮನೆಯಲ್ಲಿ ಯಾರನ್ನು ಯಾರು ಹೆಸರು ಹಿಡಿದು ಕರೆದಿದ್ದಾರೆ? ಎದುರಿಗೆ ಅಣ್ಣ, ಭಾವ, ಚಿಕ್ಕಪ್ಪ. ಬೆನ್ನ ಹಿಂದೆ ಅಡ್ಡಹೆಸರು. ಮೇಸ್ತ್ರಿಯ ಫೋನಿನಲ್ಲಿ ಕೂಡ ನೆಂಟರಿಷ್ಟರೆಲ್ಲ ಅಡ್ಡಹೆಸರಿನಲ್ಲೇ ವಾಸವಾಗಿದ್ದರು. ಅವನ್ನೇ ಒಂದೊಂದಾಗಿ ತಂದು ಪೆಟ್ಟಿಗೆಗಳಲ್ಲಿ ಕೂರಿಸಿದ. "ಇವರ ಕಿರು ಪರಿಚಯ" ಎಂದು ಫೋನು ಕೇಳಿದಲ್ಲೆಲ್ಲ ಒಂದೊಂದು ಸಾಲು ಜಡಿದ. ಸುಳ್ಳು ಬರೆಯಲಿಲ್ಲ. ಅದೇ ತಪ್ಪಾಯಿತು.

ಚಿಕ್ಕಪ್ಪ: "ಗರಗಸ. ಮಲಗಿದರೆ ರಾತ್ರಿಯೆಲ್ಲ ಮರ ಕೊಯ್ಯುತ್ತಾರೆ, ಬೆಳಿಗ್ಗೆ ನೋಡಿದರೆ ಒಂದು ತುಂಡು ಸೌದೆಯೂ ಇರುವುದಿಲ್ಲ." ಅಕ್ಕನ ಗಂಡ: "ಕರೆಂಟ್ ಬಿಲ್. ತಿಂಗಳಿಗೊಮ್ಮೆ ತಪ್ಪದೆ ಬರುತ್ತಾರೆ, ಬಂದಾಗ ಮನೆಯವರ ಮುಖ ಸಣ್ಣದಾಗುತ್ತದೆ." ದೊಡ್ಡಪ್ಪ: "ಆಮೇಲೆ. ಏನು ಕೇಳಿದರೂ ಆಮೇಲೆ." ಹೆಂಡತಿ: "ಹೆಡ್ಡಾಫೀಸು. ಇಲ್ಲಿಂದ ಒಪ್ಪಿಗೆ ಬಾರದೆ ಕಡತ ಕದಲುವುದಿಲ್ಲ."

ಆಮೇಲೆ ಸೋದರತ್ತೆ. ಮೇಸ್ತ್ರಿಯ ತಾಯಿ ಬೇಗ ತೀರಿಕೊಂಡ ಮೇಲೆ ಅವನನ್ನು ಎತ್ತಿ, ಉಣ್ಣಿಸಿ, ಬೈದು ಬೆಳೆಸಿದವರು ಈ ಅತ್ತೆ. ಈಗಲೂ ದಿನಾ ಬೆಳಿಗ್ಗೆ ಅವನು ಕೆಲಸಕ್ಕೆ ಹೊರಡುವ ಹೊತ್ತಿಗೆ ಫೋನು ಮಾಡಿ, "ಹೊಟ್ಟೆಗೇನಾದ್ರೂ ಬಿತ್ತೇನೋ?" ಎಂದು ಕೇಳುತ್ತಾರೆ. ಕೇಳದಿದ್ದರೆ ಅವರಿಗೆ ದಿನ ಶುರುವಾಗುವುದಿಲ್ಲ, ಇವನಿಗೆ ಏಣಿ ಹತ್ತಲು ಕಾಲು ಬರುವುದಿಲ್ಲ. ಅಂಥ ಅತ್ತೆಯ ಪೆಟ್ಟಿಗೆಯಲ್ಲಿ ಈ ಮಹಾನುಭಾವ ಬರೆದದ್ದು: "ಮುಚ್ಚಳ. ಡಬ್ಬಿ ಕೊಟ್ಟರೆ ಡಬ್ಬಿ ವಾಪಸು ಬರುತ್ತದೆ, ಮುಚ್ಚಳದ ಆಸೆ ಬಿಡಿ."

ಅತ್ತೆಯ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಅವರ ಕಾಲಕ್ಕೆ ಮೇಸ್ತ್ರಿಯ ಬಳಿ ಫೋನಿರಲಿಲ್ಲ, ಹಾಗಾಗಿ ಫೋನಿನಲ್ಲಿ ಅವರಿರಲಿಲ್ಲ. "ಮಾವ" ಎಂದಷ್ಟೇ ಒತ್ತಿ ಮುಂದೆ ಹೋದ. ಕೊನೆಗೆ ತನ್ನ ಪೆಟ್ಟಿಗೆ ಬಂತು. ಅಲ್ಲಿ ಮಾತ್ರ ಪೂರ್ತಿ ಹೆಸರು ಬರೆದು, "ಶಟರ್ ತಜ್ಞರು, ಕುಟುಂಬದ ಆಧಾರಸ್ತಂಭ" ಎಂದು ಸೇರಿಸಿ, ದೂರದಿಂದ ಹಿಡಿದು ನೋಡಿ ತಲೆದೂಗಿದ.

ಫೋನು ಕಟ್ಟಕಡೆಯ ಪ್ರಶ್ನೆ ಕೇಳಿತು. ಇದನ್ನು ಯಾರು ನೋಡಬಹುದು? ಎಲ್ಲರೂ? ಕುಟುಂಬದವರು ಮಾತ್ರ? ನಾನು ಮಾತ್ರ?

"ನಡುವಿನದು ಒತ್ರಿ," ಎಂದಳು ಹೆಂಡತಿ, ಹಿಂದೆ ಬಂದು ನಿಂತು.

"ಅರ್ಧ ಶಟರಾ?" ಮೇಸ್ತ್ರಿಯ ಕಸುಬಿಗೇ ಕೈ ಹಾಕಿದಂತಾಯಿತು. "ಅರ್ಧಕ್ಕೆ ನಿಲ್ಲಿಸಿದ ಶಟರಿಗೆ ಹಣೆ ಒಡೆದುಕೊಂಡೋರು ಎಷ್ಟು ಜನ ಗೊತ್ತೇನೆ ನಿನಗೆ? ಎತ್ತಿದರೆ ಪೂರ್ತಿ ಎತ್ತಬೇಕು, ಇಳಿಸಿದರೆ ಪೂರ್ತಿ ಇಳಿಸಬೇಕು. ಅರ್ಧ ಎತ್ತಿ ಬಗ್ಗಿ ನುಗ್ಗೋನು ಕಳ್ಳ!"

ಒತ್ತಿದ. "ಎಲ್ಲರೂ!" ನಿಮ್ಮ ಫೋನಿನಲ್ಲಿರುವ ಪರಿಚಿತರಿಗೆಲ್ಲ ತಿಳಿಸೋಣವೇ ಎಂದು ಕೇಳಿತು. "ತಿಳಿಸು ತಿಳಿಸು, ಆ ಕಟ್ಟು ಹಾಕೋನಿಗೆ ಮೊದಲು ತಿಳಿಸು!" ಎಂದು ಅದನ್ನೂ ಒತ್ತಿದ. ಯಾವುದೋ ಬೀಪ್ ಸದ್ದಾಯಿತು. ವಂಶ ಲೋಕಾರ್ಪಣೆಯಾಯಿತು.

ಮಾರನೆಯ ಬೆಳಿಗ್ಗೆ ಅತ್ತೆಯ ಫೋನು ಬರಲಿಲ್ಲ.

ನಿದ್ದೆ ಹತ್ತಿರಬೇಕು ಎಂದುಕೊಂಡ ಮೇಸ್ತ್ರಿ. ಸಾಮಾನು ಹೊತ್ತು ಚಪ್ಪಲಿ ಅಂಗಡಿಗೆ ಹೋಗಿ ಏಣಿ ಹತ್ತಿದ. ಸ್ಪ್ರಿಂಗಿನ ಬಿಗಿ ಬಿಚ್ಚಿ, ಎರಡೂ ಕೈ ಗ್ರೀಸು ಮಾಡಿಕೊಂಡು ಶಟರಿಗೆ ಹೆಗಲು ಕೊಟ್ಟು ನಿಂತಿದ್ದಾಗ ಜೇಬು ಗುಂಯ್‌ಗುಟ್ಟಿತು. ಯಾರೆಂದು ನೋಡದೆ ಮೊಣಕೈಯಲ್ಲಿ ಹೇಗೋ ಒತ್ತಿ ಕಿವಿಗೆ ಸಿಕ್ಕಿಸಿಕೊಂಡ.

"ಗರಗಸ ಮಾತಾಡ್ತಿದ್ದೀನಿ."

"ಗರಗಸ ಬೇಡ ಸ್ವಾಮಿ, ನಮ್ಮ ಹತ್ರ ಕಟರ್ ಇದೆ."

"ಬೇಡ್ವಾ? ಚಿಕ್ಕಪ್ಪ ಬೇಡ್ವೇನೋ ನಿನಗೆ? ನನ್ನ ಸೊಸೆಯ ತವರಿನವರು ಓದಿದಾರೆ ಕಣೋ! ಆ ಬೀಗರು ಫೋನ್ ಮಾಡಿ, ಸೌದೆ ಸಿಗುತ್ತಾ ಅಂತ ಕೇಳ್ತಿದಾರೆ!"

ಮೇಸ್ತ್ರಿಯ ಹೆಗಲು ಒಂದು ಗೇಣು ಕುಸಿಯಿತು, ಶಟರೂ ಒಂದು ಗೇಣು ಇಳಿಯಿತು. ಅದು ಮುಗಿಯುವುದರೊಳಗೆ ಭಾವ.

"ಏನಪ್ಪಾ, ಈ ತಿಂಗಳಿಂದ ಕನೆಕ್ಷನ್ ಕಟ್! ನಿನ್ನ ಮನೆ ಹೊಸಿಲು ತುಳಿದರೆ ಕೇಳು! ಹೋದ ಸಲ ಬಂದಾಗ ಹಣ್ಣು ತಂದಿದ್ದೆ, ಅದು ಲೆಕ್ಕಕ್ಕಿಲ್ಲ ಅಲ್ವಾ?"

"ಭಾವ, ಅದು ತಮಾಷೆಗೆ..."

"ತಮಾಷೆ! ನಿಮ್ಮಕ್ಕ ನಗ್ತಾ ಇದಾಳೆ ಬೆಳಿಗ್ಗೆಯಿಂದ. ಅದನ್ನ ನಿಲ್ಸು ಮೊದಲು!"

ಶಟರು ಇನ್ನೊಂದು ಗೇಣು ಇಳಿಯಿತು. ದೊಡ್ಡಪ್ಪ ಫೋನು ಮಾಡಲಿಲ್ಲ. ಒಂದೇ ಸಾಲಿನ ಸಂದೇಶ ಕಳಿಸಿದರು: "ನಿನ್ನ ಹತ್ತಿರ ಆಮೇಲೆ ಮಾತಾಡ್ತೀನಿ." ಅವರ ಆಮೇಲೆ ಎಂದೂ ಬಂದದ್ದಿಲ್ಲ ನಿಜ, ಆದರೆ ಈ ಆಮೇಲೆ ಮಾತ್ರ ಬಂದೇ ಬರುತ್ತದೆ ಎಂದು ಮೇಸ್ತ್ರಿಯ ಬೆನ್ನುಮೂಳೆಗೆ ಅನ್ನಿಸಿತು. ಅಷ್ಟರಲ್ಲಿ ಸ್ಪ್ರಿಂಗು ಮಾರುವ ಅಂಗಡಿಯವನ ಕರೆ.

"ಮೇಸ್ತ್ರಿ, ನಿಮ್ಮ ಸ್ಪ್ರಿಂಗ್ ಬಂದಿದೆ. ತಗೊಂಡು ಹೋಗೋಕೆ ಹೆಡ್ಡಾಫೀಸಿನ ಒಪ್ಪಿಗೆ ಆಯ್ತಾ?"

ಮೇಸ್ತ್ರಿ ಎರಡೂ ಕೈ ಬಿಟ್ಟ. ಶಟರು ಧಡಾರನೆ ಇಳಿದು ನೆಲಕ್ಕೆ ಬಡಿಯಿತು. ಅಂಗಡಿಯ ಮಾಲೀಕ ಒಳಗೆ, ಒಂದೇ ಕಾಲಿಗೆ ಹೊಸ ಬೂಟು ಹಾಕಿಕೊಂಡಿದ್ದ ಗಿರಾಕಿ ಒಳಗೆ, ಆ ಗಿರಾಕಿಯ ಹಳೇ ಚಪ್ಪಲಿ ಹೊರಗೆ! ಅವರಿಬ್ಬರನ್ನು ಬಿಡಿಸುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಹೊರಬಂದ ಗಿರಾಕಿ ಬೂಟು ಕೊಳ್ಳದೆ ಹೋದ. ಮಾಲೀಕ ಏನೆಂದ ಎನ್ನುವುದನ್ನು ಇಲ್ಲಿ ಅಚ್ಚು ಹಾಕಲಾಗದು.

ಸಂಜೆ ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಬನ್ನಿ. ಹೆಡ್ಡಾಫೀಸು ತೆರೆದಿದೆ."

"ಅದು... ನಮ್ಮಕ್ಕ ಇಟ್ಟ ಹೆಸರು ಕಣೇ."

"ನಿಮ್ಮಕ್ಕ ಇಟ್ಟಳು, ನೀವು ಅಚ್ಚು ಹಾಕಿಸಿದ್ರಿ. ಇವತ್ತು ಟೋಕನ್ ತಗೊಳ್ಳೋಕೆ ಬಂದ ಒಬ್ಬರು ನನ್ನ ಮುಖ ನೋಡಿ, 'ಮೇಡಂ, ಇದೇ ಹೆಡ್ಡಾಫೀಸಾ, ಬ್ರಾಂಚು ಬೇರೆ ಇದೆಯಾ?' ಅಂದ್ರು. ಇಡೀ ಸಾಲು ನಕ್ಕಿತು ರೀ. ಜ್ವರ ಬಂದೋರೂ ನಕ್ಕರು. ಯಾರ ಕಾಯಿಲೆ ಏನು ಅಂತ ಇವತ್ತಿನವರೆಗೆ ನಾನು ಉಸಿರು ಬಿಟ್ಟಿಲ್ಲ. ನನ್ನ ಗಂಡ ನನ್ನನ್ನೇ ಊರಿಗೆಲ್ಲ ಹಂಚಿಬಿಟ್ಟ!"

ಮೇಸ್ತ್ರಿ ತಲೆ ತಗ್ಗಿಸಿ ಒಳಗೆ ಬಂದ. ಅವನ ಜೀವಮಾನದಲ್ಲಿ ಇದು ಅಪರೂಪ.

"ಅತ್ತೆ ಫೋನ್ ಮಾಡಿದ್ರಾ?" ಎಂದು ಅವಳೇ ಕೇಳಿದಳು, ದನಿ ಇಳಿಸಿ.

"ಇಲ್ಲ."

"ಬೈದೋರದ್ದು ನನಗೆ ಚಿಂತೆ ಇಲ್ಲ ರೀ. ಬೈದರು ಅಂದ್ರೆ ನಮ್ಮನ್ನ ಬಿಟ್ಟಿಲ್ಲ ಅಂತ. ಅತ್ತೆ ಬೈದಿಲ್ಲ."

ಮೇಸ್ತ್ರಿ ಅತ್ತೆಗೆ ತಾನೇ ಫೋನು ಹಚ್ಚಿದ. ರಿಂಗಾಯಿತು, ರಿಂಗಾಯಿತು, ನಿಂತಿತು. ಇನ್ನೊಮ್ಮೆ ಹಚ್ಚಿದ. ಅದೇ. ದಿಗಿಲು ಬಿದ್ದ ಮನುಷ್ಯ ಆಗ ತನಗೆ ಗೊತ್ತಿರುವ ಒಂದೇ ವಿದ್ಯೆಗೆ ಮೊರೆಹೋದ. ಎತ್ತಿದ್ದು ತಪ್ಪಾಯಿತೇ? ಹಾಗಾದರೆ ಪೂರ್ತಿ ಇಳಿಸು! ತಾಣ ತೆರೆದು "ನಾನು ಮಾತ್ರ" ಎಂಬುದನ್ನು ಒತ್ತಿ, ಉಸ್ಸೆಂದು ಕುರ್ಚಿಗೆ ಒರಗಿದ.

ಒರಗಿದ್ದು ಒಂದು ಗಳಿಗೆ. ಆ ದರಿದ್ರ ತಾಣ ಶಿಷ್ಟಾಚಾರಕ್ಕೆ ಹೆಸರಾದದ್ದು. ನಿನ್ನೆ ಯಾರಿಗೆಲ್ಲ ಕರೆಯೋಲೆ ಹೋಗಿತ್ತೋ ಅವರಿಗೆಲ್ಲ ಇಂದು ಇನ್ನೊಂದು ಓಲೆ ಕಳಿಸಿತು: "ನಿಮ್ಮನ್ನು ಈ ಕುಟುಂಬದಿಂದ ಹೊರಗಿಡಲಾಗಿದೆ. ನಮ್ಮ ಸೇವೆ ಬಳಸಿದ್ದಕ್ಕೆ ಧನ್ಯವಾದ."

"ಬೆಳಿಗ್ಗೆ ಗರಗಸ ಅಂದೆ, ಸಂಜೆಗೆ ಕುಟುಂಬದಿಂದಲೇ ಕೊಯ್ದು ಹಾಕಿದ್ಯಾ?" ಎಂದು ಚಿಕ್ಕಪ್ಪ ಗುಡುಗಿದರು.

"ನಾನೇ ಬಿಡ್ತೀನಿ ಅಂದಿದ್ದೆ, ನೀನು ಯಾರಯ್ಯ ನನ್ನ ತೆಗೆಯೋಕೆ?" ಎಂದರು ಭಾವ.

ಭಾವನ ಹಿಂದಿನಿಂದ ಅಕ್ಕನ ದನಿ: "ಲೋ, ಅದನ್ನ ತೆಗೀಬೇಡ್ವೋ! ನನ್ನ ಗೆಳತಿಯರಿಗೆ ಇನ್ನೂ ತೋರಿಸಿಲ್ಲ!"

ಅರ್ಧ ಗಂಟೆಯಲ್ಲಿ ವಂಶ ಎರಡು ಹೋಳಾಯಿತು. ಮುಚ್ಚು ಎನ್ನುವವರದ್ದು ಒಂದು ಪಕ್ಷ, ತೆರೆ ಎನ್ನುವವರದ್ದು ಇನ್ನೊಂದು. ಎರಡು ಪಕ್ಷಗಳೂ ಒಂದೇ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದವು. ಮೇಸ್ತ್ರಿಗೆ ತಲೆ ಇಲ್ಲ!

ಆದರೆ ಮೇಸ್ತ್ರಿಗೆ ಅದಾವುದೂ ನಾಟುತ್ತಿರಲಿಲ್ಲ. "ಅತ್ತೆಗೂ ಹೋಗಿರುತ್ತಲ್ಲೇ ಆ ಓಲೆ," ಎಂದ, ಮಗುವಿನಂತೆ. "ಕುಟುಂಬದಿಂದ ಹೊರಗಿಡಲಾಗಿದೆ ಅಂತ. ಅತ್ತೆಗೆ!"

"ಚಪ್ಪಲಿ ಹಾಕ್ಕೊಳ್ಳಿ," ಎಂದಳು ಹೆಂಡತಿ.

ಅತ್ತೆ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಒಬ್ಬರೇ ಇರುತ್ತಾರೆ. ಗಂಟೆ ಒತ್ತಿದರು. ಬಾಗಿಲು ನಾಲ್ಕು ಬೆರಳಷ್ಟು ತೆರೆದು ಸರಪಳಿಗೆ ಸಿಕ್ಕಿ ನಿಂತಿತು. ಸಂದಿಯಲ್ಲಿ ಅತ್ತೆಯ ಒಂದು ಕಣ್ಣು ಮಾತ್ರ ಕಂಡಿತು.

"ಯಾರು ಬೇಕಾಗಿತ್ತು?"

"ಅತ್ತೆ, ನಾನು!"

"ನಾನು ಅಂದ್ರೆ? ನಾನು ಯಾವ ಕುಟುಂಬಕ್ಕೂ ಸೇರಿದವಳಲ್ಲವಂತೆ. ಬರವಣಿಗೇಲೇ ಬಂದಿದೆ."

"ಅತ್ತೆ, ಆ ಸುಡುಗಾಡು ಯಂತ್ರ ಕಳಿಸಿದ್ದು! ಅದನ್ನ ಮಾಡಿದೋನು ಕೈಗೆ ಸಿಕ್ಕರೆ..." ಎಂದು ಮೇಸ್ತ್ರಿ ಏರಿಸುವಷ್ಟರಲ್ಲಿ ಹೆಂಡತಿಯ ಮೊಣಕೈ ಅವನ ಪಕ್ಕೆಗೆ ತಾಗಿತು. ಅವನು ಇಳಿದ. "ತಪ್ಪಾಯ್ತು ಅತ್ತೆ. ಯಾರನ್ನೂ ಕೇಳದೆ ಎಲ್ಲರ ಮಾನ ಹರಾಜು ಹಾಕಿದೆ. ನಿನ್ನ ಮುಚ್ಚಳದ ವಿಷಯ ಬರೀಬಾರದಿತ್ತು. ಮುಂದೇನೇ ತಪ್ಪು ಮಾಡಿದ್ರೂ ಅದಕ್ಕೂ ಸೇರಿಸಿ ಈಗಲೇ ಕ್ಷಮಿಸಿಬಿಡು."

ಸಂದಿಯಲ್ಲಿದ್ದ ಕಣ್ಣು ಕಿರಿದಾಯಿತು. ಸರಪಳಿ ಕಳಚಿತು.

"ಮುಚ್ಚಳಕ್ಕೆ ನನಗ್ಯಾಕೋ ಬೇಜಾರು?" ಎಂದರು ಅತ್ತೆ, ಒಳಗೆ ಕರೆದು ಕೂರಿಸಿ. "ಆ ಹೆಸರು ನನಗೆ ಎಂದೋ ಗೊತ್ತು. ಗೊತ್ತಾದ ಮೇಲೇ ಮುಚ್ಚಳ ಇಟ್ಕೊಳ್ಳೋಕೆ ಶುರುಮಾಡಿದ್ದು. ಇಟ್ಟ ಹೆಸರು ಸುಳ್ಳಾಗಬಾರದಲ್ಲ! ಗರಗಸ ಅಂತ ನಿನ್ನ ಚಿಕ್ಕಪ್ಪನಿಗೆ ಇಟ್ಟೋಳು ಯಾರು ಅಂದುಕೊಂಡಿದ್ದೀ? ನಾನೇ. ನಮ್ಮ ದೊಡ್ಡಣ್ಣನಿಗೆ ಆಮೇಲೆ ಅಂತ ಇಟ್ಟೋಳೂ ನಾನೇ."

"ಮತ್ತೆ ಫೋನ್ ಯಾಕೆ ಎತ್ತಲಿಲ್ಲ?"

ಅತ್ತೆ ತಮ್ಮ ಫೋನು ತಂದರು. ನಿನ್ನೆಯೇ ಆ ವಂಶವೃಕ್ಷದ ಚಿತ್ರ ತೆಗೆದಿಟ್ಟುಕೊಂಡಿದ್ದರು. ಅದರಲ್ಲಿ ಒಂದು ಪೆಟ್ಟಿಗೆಯನ್ನು ಬೆರಳಿನಿಂದ ಹಿಗ್ಗಿಸಿ ತೋರಿಸಿದರು. ಮಾವ. ಕೆಳಗೆ ಖಾಲಿ.

"ಎಲ್ಲರಿಗೂ ಒಂದೊಂದು ಹೆಸರಿದೆ," ಎಂದರು. "ನಿನ್ನೆ ಮೊನ್ನೆ ಮದುವೆಯಾಗಿ ಬಂದೋರಿಗೂ ಇದೆ. ಇವರಿಗೊಂದು ಇಲ್ಲ. ಗೇಲಿ ಮಾಡೋಕಾದ್ರೂ ಯಾರಿಗೂ ನೆನಪಾಗಲಿಲ್ವೇನೋ? ಒಬ್ಬ ಮನುಷ್ಯ ಬಂದು, ಇದ್ದು, ಹೋಗಿದ್ದು ಇಷ್ಟೇನಾ? ಮಾವ?"

ಮೇಸ್ತ್ರಿ ಮಾವನನ್ನು ನೆನಪಿಸಿಕೊಳ್ಳಲು ನೋಡಿದ. ಪುಸ್ತಕಗಳಿಗೆ ರಟ್ಟು ಹಾಕುವ ಕೆಲಸ. ಅಂಟಿನ ವಾಸನೆ. ಮಾತು ಕಡಿಮೆ. ಅಲ್ಲಿಗೆ ಮುಗಿಯಿತು. ತನ್ನನ್ನು ಬೆಳೆಸಿದ ಮನೆಯ ಯಜಮಾನನ ಬಗ್ಗೆ ಒಂದು ಸಾಲು ಹುಟ್ಟುತ್ತಿಲ್ಲ!

"ನನಗೆ ಹೊಳೀತಿಲ್ಲ ಅತ್ತೆ. ಆದ್ರೆ ಹೊಳೆಯೋರನ್ನ ಹುಡುಕ್ತೀನಿ," ಎಂದು ಅಲ್ಲೇ ಚಿಕ್ಕಪ್ಪನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಿಸುವಂತೆ ಮೇಜಿನ ಮೇಲಿಟ್ಟ.

"ಇನ್ನೂ ಏನು ಉಳಿಸಿದ್ದೀಯ?" ಎಂದರು ಚಿಕ್ಕಪ್ಪ.

"ಚಿಕ್ಕಪ್ಪ, ಬೈಯೋದನ್ನ ಸ್ವಲ್ಪ ತಡೆದು ಬೈಯಿರಿ. ಮಾವನಿಗೆ ಒಂದು ಹೆಸರು ಬೇಕು. ಅತ್ತೆ ಯಜಮಾನರಿಗೆ."

ಚಿಕ್ಕಪ್ಪ ದನಿ ಇಳಿಸಿ, "ಒಳ್ಳೇ ಮನುಷ್ಯ ಕಣೋ," ಎಂದರು.

"ಅದು ಸತ್ತೋರಿಗೆಲ್ಲ ಇಡೋ ಹೆಸರು ಚಿಕ್ಕಪ್ಪ. ಬೇರೆ ಹೇಳಿ."

"ಬೇರೆ... ತಡಿ. ನಮ್ಮ ಹಳೇ ಮನೇಲಿ ಒಂದು ಕುಂಟು ಕುರ್ಚಿ ಇತ್ತಲ್ಲ, ಒಂದು ಕಾಲು ಗಿಡ್ಡ. ಬಂದಾಗಲೆಲ್ಲ ಅದರಲ್ಲೇ ಕೂರೋರು. ಬೇರೆ ಕುರ್ಚಿ ಖಾಲಿ ಇದ್ದರೂ ಅದೇ. ಬೇರೆ ಯಾರಾದ್ರೂ ಬೀಳ್ತಾರೆ ಅಂತ ಇರಬೇಕು."

ಮೇಸ್ತ್ರಿ ಭಾವನಿಗೆ ಹಚ್ಚಿದ. ಭಾವ ಮೊದಲು ಕನೆಕ್ಷನ್ ಕಟ್ಟಾಗಿರುವುದನ್ನು ಜ್ಞಾಪಿಸಿದರು. ಕುರ್ಚಿಯ ಮಾತು ಎತ್ತಿದ್ದೇ ತಡ, "ಅಯ್ಯೋ, ನಮ್ಮನೇಲೂ ಹಾಗೇ!" ಎಂದು ಕೂಗಿದರು. "ಮುರುಕು ಕುರ್ಚಿ ಅಂತ ಹಿತ್ತಿಲ ಕಡೆ ಇಟ್ಟಿದ್ದೆ. ಹೋಗಿ ಹುಡುಕಿ ತಂದು ಅದರ ಮೇಲೆ ಕೂತರಲ್ಲಯ್ಯ ಆ ಪುಣ್ಯಾತ್ಮ!"

ದೊಡ್ಡಪ್ಪನಿಗೂ ಹಚ್ಚಿ ಕುರ್ಚಿಯ ಮಾತು ಕೇಳಿದರೆ, "ಆಮೇಲೆ ಹೇಳ್ತೀನಿ," ಎಂದು ಇಟ್ಟುಬಿಟ್ಟರು. ಹೋಗಲಿ ಎಂದುಕೊಳ್ಳುವಷ್ಟರಲ್ಲಿ ಫೋನು ಬಡಿದುಕೊಂಡಿತು. ದೊಡ್ಡಪ್ಪ! ತಾವಾಗಿಯೇ! ವಂಶದ ಚರಿತ್ರೆಯಲ್ಲಿ ಮೊದಲ ಬಾರಿಗೆ ಒಂದು ಆಮೇಲೆ ಬಂದಿತ್ತು.

"ಹಳೇ ಮನೆಯ ಆ ಕುರ್ಚಿ ನನ್ನ ಹತ್ರ ಇದೆ," ಎಂದರು. "ರಿಪೇರಿ ಮಾಡಿಸ್ತೀನಿ ಅಂದಿದ್ದೆ, ಮಾಡಿಸಲಿಲ್ಲ. ಅವರು ಹೋದ ಮೇಲೆ ಅದರ ಮೇಲೆ ಯಾರನ್ನೂ ಕೂರಿಸಿಲ್ಲ ಕಣೋ."

ಮೇಸ್ತ್ರಿ ಕಣ್ಣೊರೆಸಿಕೊಂಡ. ಗ್ರೀಸಿನ ಕೈಯಾದ್ದರಿಂದ ಮುಖ ಕಪ್ಪಾಯಿತು. ಹೆಂಡತಿ ಸೆರಗಿನ ತುದಿ ಕಣ್ಣಿಗೆ ಹಿಡಿದಿದ್ದಳು. ಅತ್ತೆ ಮಾತ್ರ ತಲೆ ತಗ್ಗಿಸಿ ಅಲುಗುತ್ತಿದ್ದರು. ಅಳುತ್ತಿದ್ದಾರೆಂದು ಇಬ್ಬರೂ ಬಗ್ಗಿ ನೋಡಿದರೆ, ನಗು!

"ಯಾರೋ ಬೀಳ್ತಾರೆ ಅಂತ ಅಲ್ವೋ, ದಡ್ಡರಾ!" ಎಂದರು, ನಗು ತಡೆಯಲಾರದೆ. "ನನ್ನ ಹತ್ರ ಹೇಳಿದ್ರು. 'ಕುಂಟು ಕುರ್ಚಿ ಮೇಲೆ ಕೂತರೆ ಯಾರೂ ಮಾತಾಡಿಸೋಕೆ ಬರಲ್ಲ ಕಣೇ. ಬೀಳ್ತಾನೋ ಇಲ್ವೋ ಅಂತ ನೋಡ್ತಾ ಸುಮ್ಮನಿರ್ತಾರೆ' ಅಂತ. ನಮ್ಮ ಕಡೆಯೋರ ಮಾತಿನ ಕಾಟಕ್ಕೆ ಹೆದರಿದ್ರು, ಪಾಪ!"

ಮೂವರೂ ನಕ್ಕರು. ಮೇಸ್ತ್ರಿಯ ಫೋನು ಇಸಿದುಕೊಂಡು ಮಾವನ ಪೆಟ್ಟಿಗೆಯಲ್ಲಿ "ಕುಂಟು ಕುರ್ಚಿ" ಎಂದು ಅತ್ತೆ ತಮ್ಮ ಕೈಯಾರೆ ಒತ್ತಿದರು. ಅದರ ಕೆಳಗಿನ ಸಾಲು ಏನಿರಬೇಕೆಂದು ಮೇಸ್ತ್ರಿ ಕೇಳಿದಾಗ ಮಾತ್ರ ಫೋನು ಎದೆಗೆ ಒತ್ತಿಕೊಂಡರು. "ಹೆಸರು ಎಲ್ಲರಿಗೂ ಇರಲಿ. ಅವರು ನನಗೆ ಹೇಳಿದ್ದು ನನ್ನ ಹತ್ರ ಇರಲಿ. ನಿಮ್ಮಿಬ್ಬರಿಗೆ ಹೇಳಿದ್ದೇ ಹೆಚ್ಚಾಯ್ತು."

"ನೋಡಿದ್ರಾ?" ಎಂದಳು ಹೆಂಡತಿ. "ಯಾವುದು ತೋರಿಸಬೇಕು, ಯಾವುದು ಬೇಡ ಅಂತ ಅವರವರು ಹೇಳಬೇಕು. ಕೇಳಿದ್ರೆ ಬಾಯಿ ಸವೆಯುತ್ತಾ?"

ಸವೆಯಿತು. ಮುಂದಿನ ವಾರವೆಲ್ಲ ಮೇಸ್ತ್ರಿ ಒಬ್ಬೊಬ್ಬರಿಗೂ ಫೋನು ಹಚ್ಚಿ, ವಿನಯದಿಂದ ಗಂಟಲು ಸರಿಮಾಡಿಕೊಂಡು, "ನಿಮ್ಮ ಪೆಟ್ಟಿಗೇಲಿ ಏನಿರಬೇಕು?" ಎಂದು ಕೇಳಿದ. ಚಿಕ್ಕಪ್ಪ ಗರಗಸವನ್ನು ತೆಗೆಸಿ ಬರೀ ಹೆಸರು ಹಾಕಿಸಿದರು, ಹುಟ್ಟಿದ ದಿನವೂ ಬೇಡವೆಂದರು. ಭಾವ ಎರಡು ದಿನ ಯೋಚಿಸಿ, ಕರೆಂಟ್ ಬಿಲ್ ಇರಲಿ, ಆದರೆ ಕೆಳಗೆ "ಇವರಿಲ್ಲದಿದ್ದರೆ ಮನೆ ಕತ್ತಲು" ಎಂದು ಬರೆಯಬೇಕೆಂದು ಷರತ್ತು ಹಾಕಿದರು. ದೊಡ್ಡಪ್ಪ ಆಮೇಲೆ ಹೇಳುತ್ತೇನೆಂದರು. ಹೆಡ್ಡಾಫೀಸು ತನ್ನ ಹೆಸರನ್ನು ಉಳಿಸಿಕೊಂಡು, ಕುಟುಂಬದಾಚೆ ಒಬ್ಬನ ಕಣ್ಣಿಗೂ ಬೀಳಕೂಡದೆಂದು ಆದೇಶ ಹೊರಡಿಸಿತು. ಮೇಸ್ತ್ರಿ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಕಸುಬಿಗೆ ಮನಸ್ಸಿನಲ್ಲೇ ನಮಸ್ಕಾರ ಹಾಕಿ, ನಡುವಿನ ಗುಂಡಿ ಒತ್ತಿದ. ಯಾರ ಹಣೆಯೂ ಒಡೆಯಲಿಲ್ಲ. ಬೆಳಗಿನ ಫೋನು ಮತ್ತೆ ಬರತೊಡಗಿತು.

ಉಳಿದದ್ದು ಮೇಸ್ತ್ರಿಯ ಪೆಟ್ಟಿಗೆ. "ಆಧಾರಸ್ತಂಭ ಅಂತೆ! ಎಲ್ಲರದ್ದೂ ನೀನು ಬರೆದೆ, ನಿನ್ನದು ನಾವು ಬರೀತೀವಿ," ಎಂದು ಅತ್ತೆ ಹೇಳಿದ್ದರು. ಒಂದು ಸಂಜೆ ಫೋನು ಬೀಪ್ ಎಂದಿತು. ನಿಮ್ಮ ಪೆಟ್ಟಿಗೆಗೆ ಹೊಸ ಹೆಸರು ಬಂದಿದೆ, ಓದಿ ಒಪ್ಪಿಗೆ ಕೊಡಿ. ಮೇಸ್ತ್ರಿ ತೆರೆದ. ದೊಡ್ಡ ಅಕ್ಷರದಲ್ಲಿ ಒಂದೇ ಪದ: "ಅಡ್ವಾನ್ಸ್."

ತಕ್ಷಣ ಅತ್ತೆಗೆ ಫೋನು ಹಚ್ಚಿದ.

"ಅಡ್ವಾನ್ಸಾ? ನಾನು ಯಾರ ಹತ್ರ ಅಡ್ವಾನ್ಸ್ ತಗೊಂಡು ಕೆಲಸ ಮಾಡದೆ ಓಡಿಹೋಗಿದ್ದೀನಿ? ಹೇಳು ಅತ್ತೆ! ಬೆವರು ಸುರಿಸಿ ದುಡಿಯೋ ಮನುಷ್ಯನಿಗೆ ಇಂಥ ಹೆಸರಾ? ಯಾವ ಅಂಗಡಿಯೋನು ಚಾಡಿ ಹೇಳಿದ? ಆ ಕಟ್ಟು ಹಾಕೋನಾ? ಚಪ್ಪಲಿಯೋನಾ? ಇವತ್ತೇ ಹೋಗಿ ಅವನ ಶಟರ್ ಕಿತ್ತು ಕೈಗೆ ಕೊಟ್ಟು ಬರ್ತೀನಿ! ಅಡ್ವಾನ್ಸಂತೆ!"

ಆಚೆ ಕಡೆ ಅತ್ತೆ ತಾಳ್ಮೆಯಿಂದ ಕೇಳಿಸಿಕೊಂಡರು. ಇವನ ಉಸಿರು ಮುಗಿದ ಮೇಲೆ, "ಆಯ್ತಾ?" ಎಂದರು. "ಈಗ ಕೆಳಗಿನ ಸಾಲು ಓದು."

ಮೇಸ್ತ್ರಿ ಬೆರಳಿನಿಂದ ಸರಿಸಿದ. ಕೆಳಗೆ ಸಣ್ಣ ಅಕ್ಷರದಲ್ಲಿತ್ತು: "ವಿಷಯ ಏನೆಂದು ತಿಳಿಯುವ ಮೊದಲೇ ಸಿಟ್ಟು ಬಂದಿರುತ್ತದೆ. ಕಷ್ಟವೆಂದು ಕರೆಯುವ ಮೊದಲೇ ಮನುಷ್ಯ ಬಂದಿರುತ್ತಾನೆ."

ಅದರ ಕೆಳಗೆ ಎಲ್ಲರೂ ಒಪ್ಪಿಗೆ ಒತ್ತಿದ್ದರು. ಚಿಕ್ಕಪ್ಪ, ಕರೆಂಟ್ ಬಿಲ್, ಹೆಡ್ಡಾಫೀಸು. ದೊಡ್ಡಪ್ಪ ಕೂಡ!

ಮೇಸ್ತ್ರಿ ಕೆಮ್ಮಿದ. ಕಿವಿ ಕೆರೆದುಕೊಂಡ. ಎದುರಿಗೆ ಹೆಂಡತಿ ಕೈಕಟ್ಟಿ ನಿಂತು ನೋಡುತ್ತಿದ್ದಳು.

"ಅತ್ತೆ," ಎಂದ, ಗ್ರೀಸು ಹಚ್ಚಿದ ದನಿಯಲ್ಲಿ, "ಈಗ ಕೂಗಾಡಿದ್ದಕ್ಕೆ... ತಪ್ಪಾಯ್ತು..."

"ಬೇಡ ಬಿಡೋ," ಎಂದರು ಅತ್ತೆ. "ಆ ಕ್ಷಮೇನ ನೀನು ಮೊನ್ನೆ ಬಾಗಿಲಲ್ಲೇ ಅಡ್ವಾನ್ಸ್ ಕೇಳಿ ಹೋಗಿದ್ದೀಯ."